ಗರ್ಭನಿರೋಧಕ ಪಿಲ್ಸ್ ತಗೋತಿದ್ರೆ ವಿಟಮಿನ್ ರಿಪೋರ್ಟ್ ಹೇಗ್ ಓದ್ಬೇಕು, ಯಾವ್ದನ್ನ ಎಕ್ಸ್‌ಟ್ರಾ ತಗೋಬೇಕು

ಮೊದ್ಲು ಸ್ಟ್ರಿಪ್ ತಿರುಗ್ಸಿ ನೋಡಿ. ಎಥಿನೈಲ್ ಎಸ್ಟ್ರಾಡಯಾಲ್ (ಈಸ್ಟ್ರೋಜನ್ ಹಾರ್ಮೋನಿನ ಒಂದು ರೂಪ) ಅಂತ ಬರ್ದಿದ್ರೆ ಅದು ಕಂಬೈನ್ಡ್ ಪಿಲ್, ಅಂದ್ರೆ ಎರಡು ಹಾರ್ಮೋನ್ ಇರೋದು, ಇಲ್ಲಿ ಹೇಳ್ತಿರೋದು ಮುಖ್ಯವಾಗಿ ಅದ್ರ ಬಗ್ಗೆನೇ. "ಪಿಲ್ಸ್ ತಗೊಂಡ್ರೆ ಮೈಯಲ್ಲಿರೋ ವಿಟಮಿನ್ ಎಲ್ಲಾ ಖಾಲಿ" ಅಂತ ಎಲ್ಲೋ ಓದಿ ಗಾಬರಿಯಾಗಿ ಡಬ್ಬ ಡಬ್ಬ ಮಾತ್ರೆ ತರೋಕ್ ಓಡ್ಬೇಡಿ. ಆ ಮಾತು ಹೆಚ್ಚಾಗಿ ಹಳೇ ಪಿಲ್ ಕಾಲದ್ದು, ಶುರುವಿನ ಕಾಲದ ಪಿಲ್‌ನಲ್ಲಿ ಈಸ್ಟ್ರೋಜನ್ 50 ಮೈಕ್ರೋಗ್ರಾಂ, ಕೆಲವದ್ರಲ್ಲಿ ಇನ್ನೂ ಜಾಸ್ತಿ ಇರ್ತಿತ್ತು, ಈಗ ಸಾಮಾನ್ಯವಾಗಿ 20ರಿಂದ 35 ಅಷ್ಟೇ.

ಬ್ಲಡ್ ಟೆಸ್ಟ್ ಮಾಡ್ಸೋವಾಗ ಪಿಲ್ಸ್ ತಗೋತಿದೀನಿ ಅಂತ ಡಾಕ್ಟರ್‌ಗೆ ಹೇಳ್ಲೇಬೇಕು, ತುಂಬಾ ಜನ ಮರೆಯೋದೇ ಇದನ್ನ. ಬಿ12 ಸ್ವಲ್ಪ ಕಮ್ಮಿ ಬರುತ್ತೆ, ಆದ್ರೆ ಹಲವ್ರಲ್ಲಿ ಅದು ನಿಜವಾದ ಕೊರತೆ ಅಲ್ಲ, ರಕ್ತದಲ್ಲಿ ಬಿ12 ಹೊತ್ಕೊಂಡ್ ಓಡಾಡೋ ಪ್ರೋಟೀನ್ ಕಮ್ಮಿಯಾಗಿರುತ್ತೆ ಅಷ್ಟೆ. ಡೌಟಿದ್ರೆ ಮಿಥೈಲ್‌ಮಲೋನಿಕ್ ಆಸಿಡ್ (ಬಿ12 ನಿಜವಾಗ್ಲೂ ಸಾಲದಿದ್ರೆ ರಕ್ತದಲ್ಲಿ ಏರೋ ಅಂಶ) ಟೆಸ್ಟ್ ಬಗ್ಗೆ ಕೇಳಿ, ಅದು ಜಾಸ್ತಿ ಇಲ್ಲ ಅಂದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಆದ್ರೆ ವೀಗನ್ ಆಗಿದ್ರೆ, ಮೆಟ್‌ಫಾರ್ಮಿನ್ (ಶುಗರ್ ಮಾತ್ರೆ) ತಗೋತಿದ್ರೆ, ಕೈಕಾಲು ಜೋಮು ಹಿಡೀತಿದ್ರೆ ಪಿಲ್ ಮೇಲೆ ಹಾಕಿ ಸುಮ್ನಾಗ್ಬೇಡಿ. ವಿಟಮಿನ್ ಡಿ ಉಲ್ಟಾ, ಪಿಲ್ ತಗೋವಾಗ ನಂಬರ್ ಏರಿರುತ್ತೆ, ನಿಲ್ಸಿದ್ಮೇಲೆ ಇಳಿಯುತ್ತೆ. ಮುಟ್ಟಿನ ರಕ್ತಸ್ರಾವ ಕಮ್ಮಿ ಆಗೋದ್ರಿಂದ ಕಬ್ಬಿಣದಂಶ ಉಳಿಯೋದೇ ಹೆಚ್ಚು, ಇದೊಂದು ಲಾಭ.

ಬಿ6 ಕೂಡ ಇಳಿಯುತ್ತೆ. ಬೇಕಾಗಿರೋದು ದಿನಕ್ಕೆ ಸುಮಾರು 1.3 ಮಿಲಿಗ್ರಾಂ, ಕಾಳು, ಆಲೂಗಡ್ಡೆ, ಬಾಳೆಹಣ್ಣು, ಮೀನು ತಿಂದ್ರೆ ಸಿಗುತ್ತೆ. ಮೂಡ್ ಸರಿ ಹೋಗುತ್ತೆ ಅಂತ 100 ಮಿಲಿಗ್ರಾಂ ಮಾತ್ರೆನ ತಿಂಗಳಾನುಗಟ್ಲೆ ನುಂಗೋದು ನನ್ ಪ್ರಕಾರ ದಡ್ಡತನ, ಜಾಸ್ತಿಯಾದ್ರೆ ನರಗಳೇ ಹಾಳಾಗಿ ಪಾದ ಮರಗಟ್ಟುತ್ತೆ.

ನಿಜವಾಗ್ಲೂ ಪ್ಲಾನ್ ಮಾಡ್ಬೇಕಾಗಿರೋದು ಫೋಲಿಕ್ ಆಸಿಡ್ ವಿಷ್ಯ. ಪಿಲ್‌ನಿಂದ ಫೋಲೇಟ್ (ಫೋಲಿಕ್ ಆಸಿಡ್ ಇದ್ರದ್ದೇ ಮಾತ್ರೆ ರೂಪ) ಕಮ್ಮಿಯಾಗ್ಬೋದು, ನಿಲ್ಸಿದ ಮೊದಲ ಸೈಕಲ್‌ನಲ್ಲೇ ಗರ್ಭ ನಿಲ್ಲಬಹುದು, ಮಗುವಿನ ಮೆದುಳು-ಬೆನ್ನುಹುರಿ ಆಗೋ ನಾಳ ಗರ್ಭ ನಿಂತ ಸುಮಾರು 28 ದಿನಕ್ಕೇ ಮುಚ್ಚಿಕೊಳ್ಳುತ್ತೆ, ಅಷ್ಟೊತ್ತಿಗೆ ಎಷ್ಟೋ ಜನಕ್ಕೆ ಬಸುರಿ ಅಂತಾನೇ ಗೊತ್ತಿರಲ್ಲ. ಹಾಗಾಗಿ ಮಗು ಬೇಕು ಅನ್ಕೊಂಡ್ರೆ ಪಿಲ್ ನಿಲ್ಸೋಕೆ ಒಂದು ತಿಂಗಳಾದ್ರೂ ಮುಂಚೆ ದಿನಾ 400 ಮೈಕ್ರೋಗ್ರಾಂ ಶುರು ಮಾಡಿ, ಬಸುರಿನ 12 ವಾರದವರೆಗೂ ಬಿಡ್ಬೇಡಿ. ಫಿಟ್ಸ್ ಮಾತ್ರೆ ತಗೋಳೋರಿಗೆ ಡೋಸ್ ಬೇರೆ ಇರ್ಬೋದು, ಡಾಕ್ಟರ್ ಹೇಳ್ಲಿ.

ಇನ್ನೊಂದು, ಸಪ್ಲಿಮೆಂಟ್ ತಗೊಳ್ಳೋ ಮುಂಚೆ ಲೇಬಲ್‌ನಲ್ಲಿ ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ ಇದ್ಯಾ ನೋಡಿ, ಅದಿದ್ರೆ ಪಿಲ್ ಕೆಲಸಾನೇ ಕೆಡುತ್ತೆ.