ಕನ್ನಡ ಶೀರ್ಷಿಕೆಯಿಂದ ಸ್ಲಗ್ ಮಾಡುವವರಿಗೆ

ರಾಯಚೂರು, ಬಳ್ಳಾರಿ ಕಡೆ ಸುದ್ದಿ ಸೈಟ್ ಮಾಡುವವರು ಸ್ವಲ್ಪ ಗಮನಿಸಿ. ಸ್ಲಗ್ ಅಂದರೆ ವೆಬ್ ವಿಳಾಸದ ಕೊನೆಯಲ್ಲಿ ಬರುವ, ಶೀರ್ಷಿಕೆಯಿಂದ ಮಾಡಿದ ತುಣುಕು. ನಮ್ಮಲ್ಲಿ ಶೀರ್ಷಿಕೆ ಕನ್ನಡ, ತೆಲುಗು, ಉರ್ದು ಹೀಗೆ ಯಾವುದರಲ್ಲೂ ಬರಬಹುದು.

ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ಹುಡುಕಿ ಬದಲಿಸುವ ಸೂತ್ರ) 'ಅಕ್ಷರ, ಅಂಕಿ ಮಾತ್ರ ಉಳಿಸು' ಎಂದು ಬರೆದರೆ ಸ್ವರಚಿಹ್ನೆಗಳು, ಒತ್ತಕ್ಷರದೊಳಗಿನ ಹಲಂತ ಚಿಹ್ನೆ (್) ಎಲ್ಲ ಹಾರಿಹೋಗುತ್ತವೆ. 'ಕೊಪ್ಪಳ' ಹೋಗಿ 'ಕಪಪಳ' ಆಗುತ್ತದೆ! ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಇವು ಅಕ್ಷರಗಳಲ್ಲ, 'ಮಾರ್ಕ್' ಎಂಬ ಬೇರೆ ವರ್ಗ. ಆ ವರ್ಗವನ್ನೂ ಉಳಿಸಿಕೊಳ್ಳಲು ಹೇಳಿ. ಅದಕ್ಕೂ ಮೊದಲು ಪಠ್ಯವನ್ನು ಎನ್‌ಎಫ್‌ಸಿ (ಒಂದೇ ಚಿಹ್ನೆಯನ್ನು ಒಂದೇ ರೀತಿ ಬರೆಯುವ ಯೂನಿಕೋಡ್ ರೂಪ) ರೂಪಕ್ಕೆ ತನ್ನಿ. ಇಲ್ಲದಿದ್ದರೆ ನೋಡಲು ಒಂದೇ ಇರುವ ಪದಕ್ಕೆ ಎರಡು ಸ್ಲಗ್ ಹುಟ್ಟುತ್ತವೆ.

ಕನ್ನಡ ಲಿಪಿಯ ಲಿಂಕ್ ಬ್ರೌಸರ್‌ನಲ್ಲಿ ಚಂದ ಕಾಣುತ್ತದೆ, ನಿಜ. ಆದರೆ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಒಂದೊಂದು ಚಿಹ್ನೆಯೂ ಶೇಕಡಾ ಗುರುತು (%) ಸೇರಿ 9 ಅಕ್ಷರ ಆಗಬಹುದು. 'ಕೊಪ್ಪಳ' ಒಂದಕ್ಕೇ (6 ಚಿಹ್ನೆ: ಕ, ೊ, ಪ, ್, ಪ, ಳ) 54. ಜಾಸ್ತಿ ಹಂಚುವ ಸೈಟಾದರೆ ಇಂಗ್ಲಿಷ್ ಲಿಪಿಗೆ ತಿರುಗಿಸುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಉರ್ದುವಿಗೆ ಮಾತ್ರ ಲಿಪಿ ತಿರುಗಿಸುವ ಲೈಬ್ರರಿ (ಸಿದ್ಧ ಕೋಡ್) ನಂಬಬೇಡಿ. ಅಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಹೆಚ್ಚಾಗಿ ವ್ಯಂಜನಗಳ ಸಾಲೇ ಸಿಗುತ್ತದೆ. ಸ್ಲಗ್ ಕೈಯಿಂದ ತಿದ್ದಲು ಒಂದು ಜಾಗ ಕೊಡಿ.

ಊರ ಹೆಸರುಗಳ ಇಂಗ್ಲಿಷ್ ಸ್ಪೆಲಿಂಗ್‌ಗೆ ನಿಮ್ಮದೇ ಪಟ್ಟಿ ಇರಲಿ. ಬಳ್ಳಾರಿಯ ಇಂಗ್ಲಿಷ್ ಸ್ಪೆಲಿಂಗ್ 2014ರಲ್ಲಿ ಬದಲಾಯಿತಲ್ವಾ? ಹಳೆಯ ಲಿಂಕ್‌ಗಳಿಗೆ 301 ರೀಡೈರೆಕ್ಟ್ (ಹೊಸ ವಿಳಾಸಕ್ಕೆ ಶಾಶ್ವತವಾಗಿ ಕಳಿಸುವ ಸೂಚನೆ) ಹಾಕಿ.