ತೆಜುಕಾ ‘ಬುದ್ಧ’ ಮತ್ತು ಕೆಂಪು-ನೀಲಿ ಪೆನ್ಸಿಲ್: ನನ್ನ ಅನುಭವ

ಜಪಾನಿನ ಒಸಾಮು ತೆಜುಕಾ ಅವರ ‘ಬುದ್ಧ’ ಮಾಂಗಾ (ಜಪಾನಿ ಚಿತ್ರಕಥೆ) ಓದಿಯೇ ಬುದ್ಧನ ಕಾಲದ ಇತಿಹಾಸ ತಲೆಗೆ ಹತ್ತಿಸಿಕೊಳ್ಳುತ್ತೇನೆ ಅಂದಾಗ ನಮ್ಮ ಓದುವ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ‘ಅರ್ಧ ಕಟ್ಟುಕಥೆ ಅದು, ಗೊತ್ತಿದ್ದದ್ದೂ ಕಲಸಿಹೋಗುತ್ತೆ’ ಅಂದರು. ಈಗ ಎಂಟೂ ಸಂಪುಟ ಮುಗಿದಿವೆ. ಕೋಸಲ-ಮಗಧದ ರಾಜಕಾರಣ, ಬುದ್ಧನ ಕುಲವಾದ ಶಾಕ್ಯರ ನಾಶ, ಅವನ ದಾಯಾದಿ ದೇವದತ್ತನ ಬಂಡಾಯ, ಯಾವುದನ್ನು ಕೇಳಿದರೂ ಪುಸ್ತಕ ತೆರೆಯದೆ ಹೇಳಬಲ್ಲೆ. ಯಾವುದು ಬೌದ್ಧ ಗ್ರಂಥದ್ದು, ಯಾವುದು ತೆಜುಕಾ ಸೇರಿಸಿದ್ದು ಅನ್ನುವುದನ್ನೂ.

ಹೊಸ ಇಂಗ್ಲಿಷ್ ಸೆಟ್‌ಗೆ ಮೂರೂವರೆ, ನಾಲ್ಕು ಸಾವಿರ ಕೇಳುತ್ತಿದ್ದರು. ಹಳೇ ಪುಸ್ತಕದಂಗಡಿಗಳಲ್ಲಿ ಬಿಡಿಬಿಡಿಯಾಗಿ ಹೆಕ್ಕಿ ಹದಿನೆಂಟುನೂರರ ಆಸುಪಾಸಿನಲ್ಲಿ ಮುಗಿಸಿದೆ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಪ್ರತಿಯಲ್ಲಿ ನಡುವಿನ ಹಾಳೆಗಳೇ ಇರಲಿಲ್ಲ. ಇನ್ನೂರೈವತ್ತೋ ಮುನ್ನೂರೋ ಹಾಗೇ ಹೋಯಿತು. ಅಗ್ಗಕ್ಕೆ ಸಿಕ್ಕ ಅಂಗಡಿ ಯಾವುದೆಂದು ಹೇಳುವುದಿಲ್ಲ, ನನಗಿನ್ನೂ ಅಲ್ಲಿ ಕೆಲಸವಿದೆ.

ಶುರುವಿನಲ್ಲಿ ಪುಟಪುಟಕ್ಕೂ ನಿಂತು ಪಾಲಿ ಗ್ರಂಥಗಳ ಅನುವಾದದೊಡನೆ ತಾಳೆ ನೋಡುತ್ತಿದ್ದೆ. ಚಪ್ರ, ತತ್ತ ಇಬ್ಬರೂ ತೆಜುಕಾ ಸೃಷ್ಟಿ. ಮೊದಲ ಸಂಪುಟದಲ್ಲಿ ಸಿದ್ಧಾರ್ಥನಿಗಿಂತ ಅವರದೇ ಓಡಾಟ. ಹುಡುಕಿ ಹುಡುಕಿ ಓದೇ ನಿಂತುಹೋಯಿತು. ಫೋನಿನಲ್ಲಿ ಟಿಪ್ಪಣಿ ಮಾಡಿದೆ. ಚಿತ್ರ ಒಂದು ಕಡೆ, ಮಾತು ಒಂದು ಕಡೆಯಾಗಿ ಅದೂ ಕೈಕೊಟ್ಟಿತು.

ಕೊನೆಗೆ ಕೈಹಿಡಿದದ್ದು ಇದು: ಇಡೀ ಸಂಪುಟವನ್ನು ಬರೀ ಕಥೆಯಾಗಿ ಓದಿ ಮುಗಿಸುವುದು. ಒಂದೆರಡು ದಿನ ಬಿಟ್ಟು, ಎರಡು ತುದಿಗೆ ಎರಡು ಬಣ್ಣವಿರುವ ಪೆನ್ಸಿಲ್ ಹಿಡಿದು ಮತ್ತೆ ಕೂರುವುದು. ಗ್ರಂಥದಲ್ಲಿದ್ದರೆ ಕೆಂಪು, ಕಲ್ಪನೆಯಾದರೆ ನೀಲಿ. ಎರಡೂ ಬಣ್ಣ ಒಂದೇ ಪುಟದಲ್ಲಿ ಬಿದ್ದ ಕಡೆಯೇ ವಿಷಯ ಗಟ್ಟಿಯಾಗಿ ಕೂರುತ್ತದೆ. ಅಸ್ಸಜಿಯನ್ನೇ ನೋಡಿ. ಪಾಲಿ ಗ್ರಂಥವಾದ ಮಹಾವಗ್ಗದಲ್ಲಿ ಆತ ಬುದ್ಧನ ಮೊದಲ ಐವರು ಶಿಷ್ಯರಲ್ಲೊಬ್ಬ. ರಾಜಗೃಹದಲ್ಲಿ ಭಿಕ್ಷೆಗೆ ಹೊರಟವನ ಶಾಂತ ನಡೆ ಕಂಡು, ಮುಂದೆ ಬುದ್ಧನ ಪ್ರಮುಖ ಶಿಷ್ಯನಾಗುವ ಸಾರಿಪುತ್ರ ಬೆನ್ನುಹತ್ತುತ್ತಾನೆ. ಮಾಂಗಾದಲ್ಲಿ ಮೂಗು ಸುರಿಸುವ ಪೋರ, ತನ್ನ ಸಾವು ಯಾವಾಗೆಂದು ಮೊದಲೇ ಬಲ್ಲವ, ಹಸಿದ ತೋಳಗಳಿಗೆ ಮೈಯೊಪ್ಪಿಸುತ್ತಾನೆ. ನೀಲಿ ಎಳೆದು ಮುಂದೆ ಹೋಗುವಂತಿಲ್ಲ: ಬುದ್ಧನ ಹಿಂದಿನ ಜನ್ಮಗಳ ಕಥೆಗಳಿರುವ ಜಾತಕಮಾಲೆಯಲ್ಲಿ ಬೋಧಿಸತ್ವ ಹಸಿದ ಹೆಣ್ಣುಹುಲಿಗೆ ದೇಹ ಕೊಟ್ಟ ಕಥೆ ಇದೆಯಲ್ಲ! ಮಾಂಗಾದ ಆರಂಭದಲ್ಲಿ ಬೆಂಕಿಗೆ ಹಾರುವ ಮೊಲವೂ ಹಾಗೇ. ಸಸಜಾತಕದಲ್ಲಿ ಮೊಲದ ಜೊತೆಗಿರುವುದು ನೀರುನಾಯಿ, ನರಿ, ಮಂಗ. ಬೆಂಕಿ ಅದನ್ನು ಸುಡುವುದಿಲ್ಲ. ಮಾಂಗಾದಲ್ಲಿ ಕರಡಿ ಬಂದಿದೆ, ಮೊಲ ಸಾಯುತ್ತದೆ. ಇಂಥವಕ್ಕೆ ನನ್ನದೇ ಮೂರನೇ ಗುರುತೊಂದಿದೆ, ಅದು ಸದ್ಯ ನನ್ನಲ್ಲೇ ಇರಲಿ.

ಇದರ ನಡುವೆ ಇನ್ನೊಂದು ಹುಚ್ಚು ಹತ್ತಿತು. ಎಂಟನೇ ಸಂಪುಟದ ಹೆಸರು ‘ಜೇತವನ’, ಅನಾಥಪಿಂಡಿಕ ಎಂಬ ವರ್ತಕ ನೆಲಕ್ಕೆ ನಾಣ್ಯ ಹಾಸಿ ಕೊಂಡು ಬುದ್ಧನಿಗೆ ದಾನ ಕೊಟ್ಟ ತೋಟ. ಆ ಸಂಪುಟದೊಳಗೆ ಮಧ್ಯಪ್ರದೇಶದ ಭಾರ್ಹುತ್ ಸ್ತೂಪದ ಜೇತವನ ಶಿಲ್ಪದ ಫೋಟೋ ಅಂಟಿಸಿದೆ. ಮೂಲ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ಒಂದೇ ದುಂಡು ಕಲ್ಲಿನಲ್ಲಿ ನೊಗ ಬಿಚ್ಚಿದ ಗಾಡಿ, ನೆಲಕ್ಕೆ ಚೌಕ ನಾಣ್ಯ ಹಾಸುವವರು, ಗಿಂಡಿ ಹಿಡಿದು ದಾನದ ನೀರೆರೆಯಲು ನಿಂತ ಅನಾಥಪಿಂಡಿಕ, ಕೆಳಗೆ ಬ್ರಾಹ್ಮಿಯಲ್ಲಿ ಎಲ್ಲವನ್ನೂ ಹೇಳುವ ಒಂದು ಸಾಲು. ಎರಡು ಸಾವಿರ ವರ್ಷ ಹಿಂದೆಯೇ ಚಿತ್ರಕಥೆ! ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದ ಫಲಕಗಳಲ್ಲೂ ಇಂಥ ಬರಹಗಳಿವೆ. ಈಗ ಅವುಗಳ ಫೋಟೋ ಕೂಡಿಸಿ ಎರಡನೇ ಸಂಪುಟಕ್ಕೆ ಹೊಂದಿಸುತ್ತಿದ್ದೇನೆ.