ಬ್ರಿಡಲ್‌ವೇಯಲ್ಲಿ ಕುದುರೆ ಸವಾರಿ: ಹಕ್ಕು ಇರುವುದು ನಕ್ಷೆಯಲ್ಲಿ, ಬೋರ್ಡಿನಲ್ಲಲ್ಲ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಹಳ್ಳಿಗಾಡಿನಲ್ಲಿ ಖಾಸಗಿ ಹೊಲ, ಹುಲ್ಲುಗಾವಲುಗಳ ನಡುವೆಯೇ ಸಾರ್ವಜನಿಕ ದಾರಿಗಳು ಹಾದುಹೋಗುತ್ತವೆ. ನೆಲ ರೈತನದು, ಓಡಾಡುವ ಹಕ್ಕು ಎಲ್ಲರದು. ಆದರೆ ಈ ದಾರಿಗಳಲ್ಲಿ ಬಹುಪಾಲು ನಡೆಯುವವರಿಗೆ ಮಾತ್ರ. ಕುದುರೆ ಸವಾರರಿಗೆ ಸಿಗುವುದು ಸುಮಾರು ಐದರಲ್ಲಿ ಒಂದು ಪಾಲು, ಅದರಲ್ಲೂ ಹೆಚ್ಚಿನವು ಬ್ರಿಡಲ್‌ವೇಗಳು, ಅಂದರೆ ನಡೆಯುವವರ ಜೊತೆ ಕುದುರೆ ಸವಾರರಿಗೂ ಹಕ್ಕಿರುವ ದಾರಿಗಳು. ಅಲ್ಲಿ ನೆಲೆಸಿ ಕುದುರೆ ಹತ್ತುವ ಕನ್ನಡಿಗರು ಯಾವ ದಾರಿಯಲ್ಲಿ ಹೋಗಬಹುದು, ದಾರಿ ಮುಚ್ಚಿದ್ದರೆ ಏನು ಮಾಡಬೇಕು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಹೊರಡುವ ಮುನ್ನ

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ 1:25,000 ಅಳತೆಯ ಎಕ್ಸ್‌ಪ್ಲೋರರ್ ನಕ್ಷೆ ತೆಗೆದುಕೊಳ್ಳಿ. ಹಸಿರು ಬಣ್ಣದ ಚಿಕ್ಕ ಗೆರೆಗಳ ಸಾಲು ಕಾಲುದಾರಿ, ಉದ್ದ ಗೆರೆಗಳ ಸಾಲು ಬ್ರಿಡಲ್‌ವೇ. ಸ್ಥಳದಲ್ಲಿ ದಾರಿ ತೋರಿಸುವ ಬಾಣದ ಗುರುತಿನ ಬಣ್ಣ ನೋಡಿ. ಹಳದಿ ಬಾಣವಿದ್ದರೆ ಕಾಲುದಾರಿ, ಸವಾರರಿಗೆ ಅಲ್ಲಿ ಹಕ್ಕಿಲ್ಲ. ನೀಲಿ ಬಾಣ ಬ್ರಿಡಲ್‌ವೇ. ನೇರಳೆ ಮತ್ತು ಕೆಂಪು ಬಾಣದ ಬೈವೇಗಳಲ್ಲೂ (ಗಾಡಿಗಳೂ ಹೋಗಬಹುದಾದ ಹಳ್ಳಿ ದಾರಿಗಳು) ಕುದುರೆಗೆ ಅವಕಾಶವಿದೆ. ಬ್ರಿಡಲ್‌ವೇಯಲ್ಲಿ ಕುದುರೆ ಹತ್ತಿ ಹೋಗಬಹುದು, ಹಿಡಿದು ನಡೆಸಿಕೊಂಡೂ ಹೋಗಬಹುದು. ಕುದುರೆಗಾಡಿ ಮಾತ್ರ ಸಲ್ಲದು. ಸೈಕಲ್‌ಗಳಿಗೆ 1968ರ ಕಾಯಿದೆಯಿಂದ ಅವಕಾಶ ಸಿಕ್ಕಿದೆ, ಆದರೆ ಸೈಕಲ್ ಸವಾರರು ಕುದುರೆಗೂ ನಡೆಯುವವರಿಗೂ ದಾರಿ ಬಿಟ್ಟುಕೊಡಬೇಕು.

ಬಾಣ ಕಿತ್ತುಹೋಗಿರಬಹುದು, ಯಾರೋ ತಿರುಗಿಸಿಟ್ಟಿರಬಹುದು. ಅಂಗಡಿಯಲ್ಲಿ ಸಿಗುವ ನಕ್ಷೆಯೂ ಹಳತಾಗಿರಬಹುದು. ಕಾನೂನಿನ ಮುಂದೆ ನಿಲ್ಲುವುದು ಕೌಂಟಿ ಕೌನ್ಸಿಲ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಸಂಸ್ಥೆ ಇಟ್ಟುಕೊಂಡಿರುವ ಡೆಫಿನಿಟಿವ್ ಮ್ಯಾಪ್ (ಸಾರ್ವಜನಿಕ ದಾರಿಗಳ ಅಧಿಕೃತ ನಕ್ಷೆ) ಮತ್ತು ಅದರ ಜೊತೆಗಿನ ವಿವರಣಾ ಪಟ್ಟಿ. ಅದರಲ್ಲಿ ಬ್ರಿಡಲ್‌ವೇ ಎಂದು ಬರೆದಿದ್ದರೆ ಮುಗಿಯಿತು, ರೈತ ಏನೇ ಹೇಳಿದರೂ ಅದು ಬ್ರಿಡಲ್‌ವೇಯೇ. ಪಟ್ಟಿಯಲ್ಲಿ ದಾರಿಯ ಸಂಖ್ಯೆ ಇರುತ್ತದೆ, ಕೆಲವೊಮ್ಮೆ ಅಗಲವೂ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ, ಮುಂದೆ ದೂರು ಕೊಡುವಾಗ ಬೇಕಾಗುತ್ತವೆ.

ಹಲವರು ಎಡವುವುದು ಇನ್ನೊಂದು ಕಡೆ. 2000ದ ಕಾಯಿದೆ ಬೆಟ್ಟ, ಬಂಜರು, ಹುಲ್ಲುಗಾಡುಗಳನ್ನು ಜನರಿಗೆ ತೆರೆದಿಟ್ಟಿದೆಯಲ್ಲ, ಅಲ್ಲೂ ಸವಾರಿ ಮಾಡಬಹುದೆಂದು ಅಂದುಕೊಳ್ಳುತ್ತಾರೆ. ಆ ಹಕ್ಕು ಕಾಲ್ನಡಿಗೆಗೆ ಮಾತ್ರ. ಸ್ಕಾಟ್ಲೆಂಡಿನ ಲೆಕ್ಕವೇ ಬೇರೆ: 2003ರ ಭೂ ಸುಧಾರಣಾ ಕಾಯಿದೆಯಂತೆ ಅಲ್ಲಿ ಜವಾಬ್ದಾರಿಯಿಂದ ನಡೆದುಕೊಳ್ಳುವ ಸವಾರರಿಗೆ ಬಹುತೇಕ ಭೂಮಿ ತೆರೆದಿದೆ.

ಬ್ರಿಡಲ್‌ವೇ ತಲುಪಲು ಸಾಮಾನ್ಯವಾಗಿ ಡಾಂಬರು ರಸ್ತೆಯಲ್ಲಿ ಸ್ವಲ್ಪ ದೂರ ಹೋಗಲೇಬೇಕು. 14 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಹೆಲ್ಮೆಟ್ ಕಡ್ಡಾಯ. ಎಡಬದಿಯಲ್ಲೇ ಸಾಗಿ, ಇಬ್ಬರಿಗಿಂತ ಹೆಚ್ಚು ಜನ ಪಕ್ಕಪಕ್ಕ ಬೇಡ. ಕುದುರೆಯನ್ನು ದಾಟುವ ಕಾರು ಗಂಟೆಗೆ 10 ಮೈಲಿಗಿಂತ ಕಡಿಮೆ ವೇಗದಲ್ಲಿ, ಕನಿಷ್ಠ 2 ಮೀಟರ್ ಅಂತರ ಬಿಟ್ಟು ಹೋಗಬೇಕೆಂದು 2022ರಲ್ಲಿ ತಿದ್ದಿದ ರಸ್ತೆ ನಿಯಮಗಳ ಕೈಪಿಡಿ ಹೈವೇ ಕೋಡ್ ಹೇಳುತ್ತದೆ.

ಗೇಟು, ಉತ್ತ ಹೊಲ, ಗೂಳಿ

ಬ್ರಿಡಲ್‌ವೇ ಗೇಟಿನ ಎರಡು ಕಂಬಗಳ ನಡುವೆ ಕನಿಷ್ಠ 5 ಅಡಿ ಇರಬೇಕು. ಅಳೆಯಬೇಕಾದ್ದು ಕಂಬದಿಂದ ಕಂಬಕ್ಕೆ, ಗೇಟಿನ ಹಲಗೆಯನ್ನಲ್ಲ. ಗೇಟಿನ ಪಕ್ಕಕ್ಕೆ ಕುದುರೆಯನ್ನು ಸಮಾನಾಂತರವಾಗಿ ನಿಲ್ಲಿಸಿ, ಲಗಾಮನ್ನೂ ಚಾಟಿಯನ್ನೂ ಹೊರಗಿನ ಕೈಗೆ ತೆಗೆದುಕೊಂಡು, ಒಳಗಿನ ಕೈಯಿಂದ ಚಿಲಕ ತೆಗೆಯಿರಿ. ತಾನಾಗಿ ಮುಚ್ಚಿಕೊಳ್ಳುವ ಗೇಟು ಪಕ್ಕೆಗೆ ಬಡಿದರೆ ಕುದುರೆ ಬೆದರುತ್ತದೆ, ಆಮೇಲೆ ಯಾವ ಗೇಟಿನ ಹತ್ತಿರವೂ ಸುಮ್ಮನೆ ನಿಲ್ಲುವುದಿಲ್ಲ. ಅನುಮಾನವಿದ್ದರೆ ಇಳಿದುಬಿಡಿ. ಇಳಿದಾಗ ರಿಕಾಪುಗಳನ್ನು, ಅಂದರೆ ಕಾಲಿಡುವ ಬಳೆಗಳನ್ನು, ಜೀನಿನ ಕಡೆಗೆ ಮೇಲೇರಿಸಿ. ಜೋತಾಡುವ ರಿಕಾಪು ಚಿಲಕಕ್ಕೆ ಸಿಕ್ಕಿಕೊಂಡರೆ ಕುದುರೆ ಗೇಟನ್ನೇ ಎಳೆದುಕೊಂಡು ಓಡುತ್ತದೆ. ಗುಂಪಿನಲ್ಲಿದ್ದರೆ ಕೊನೆಯವರು ಗೇಟು ಹಾಕಿ ಬರುವವರೆಗೆ ಉಳಿದವರು ನಿಂತಿರಬೇಕು. ಜೊತೆಯ ಕುದುರೆಗಳು ಮುಂದೆ ಹೊರಟದ್ದು ಕಂಡರೆ ಹಿಂದುಳಿದದ್ದು ಮಾತು ಕೇಳುವುದಿಲ್ಲ.

ಹೊಲದ ಮಧ್ಯೆ ಹೋಗುವ ಬ್ರಿಡಲ್‌ವೇಯನ್ನು, ತಪ್ಪಿಸಲು ಅನುಕೂಲವಿಲ್ಲದಿದ್ದಾಗ, ರೈತ ಉಳಬಹುದು. ಬಿತ್ತನೆಗೆಂದು ಮೊದಲ ಬಾರಿ ನೆಲ ಕೆದಕಿದ ಮೇಲೆ 14 ದಿನಗಳಲ್ಲಿ, ಅದೇ ಬೆಳೆಗೆ ಮತ್ತೆ ಕೆದಕಿದಾಗ 24 ಗಂಟೆಗಳಲ್ಲಿ ದಾರಿಯನ್ನು ಸಮ ಮಾಡಿ, ಜಾಡು ಕಾಣುವಂತೆ ಮಾಡಿಕೊಡಬೇಕು. ಬದುವಿನ ಅಂಚಿನ ದಾರಿಯನ್ನು ಉಳುವಂತೆಯೇ ಇಲ್ಲ. ಕನಿಷ್ಠ ಅಗಲ ಹೊಲದ ನಡುವೆ 2 ಮೀಟರ್, ಅಂಚಿನಲ್ಲಿ 3 ಮೀಟರ್. ಆದರೆ ಡೆಫಿನಿಟಿವ್ ಪಟ್ಟಿಯಲ್ಲಿ ಬೇರೆ ಅಗಲ ನಮೂದಾಗಿದ್ದರೆ ಅದೇ ಅಂತಿಮ. ಪಟ್ಟಿ ನೋಡದೆ 3 ಮೀಟರ್‌ಗಾಗಿ ಜಗಳಕ್ಕಿಳಿದವರು ಪೆಚ್ಚಾಗುವುದು ಇಲ್ಲಿಯೇ.

ದಾರಿ ಹಾಯುವ ಹೊಲದಲ್ಲಿ ಹತ್ತು ತಿಂಗಳು ದಾಟಿದ ಹಾಲಿನ ತಳಿಯ ಗೂಳಿಯನ್ನು, ಅಂದರೆ ಜೆರ್ಸಿ, ಹೋಲ್‌ಸ್ಟೀನ್, ಏರ್‌ಶೈರ್ ಮುಂತಾದವನ್ನು, ಬಿಡುವಂತಿಲ್ಲ. ಬೇರೆ ತಳಿಯ ಗೂಳಿಯ ಜೊತೆ ಹಸುಗಳೋ ಕಡಸುಗಳೋ ಇದ್ದರೆ ಅಡ್ಡಿಯಿಲ್ಲ.

ದಾರಿ ಮುಚ್ಚಿದ್ದರೆ

ಬೀಗ, ಮುಳ್ಳುತಂತಿ, ಬಿದ್ದ ಮರ, ದಾರಿಗೆ ಅಡ್ಡಲಾಗಿ ಹಾಕಿದ ಬೇಲಿ, ಏನೇ ಇರಲಿ, ತಂತಿ ಕತ್ತರಿಸಲು ಹೋಗಬೇಡಿ. ಕುದುರೆಯ ಕಾಲಿಗೆ ತಂತಿ ಸುತ್ತಿಕೊಂಡರೆ ಹಕ್ಕಿನ ಮಾತಾಡಲು ವ್ಯವಧಾನವಿರುವುದಿಲ್ಲ. ಫೋಟೊ ತೆಗೆಯಿರಿ: ಒಂದು ಹತ್ತಿರದಿಂದ, ಇನ್ನೊಂದು ಸುತ್ತಲಿನ ಗುರುತು ಸಿಗುವಂತೆ ದೂರದಿಂದ. ನಕ್ಷೆಯಲ್ಲಿ ಸ್ಥಳ ಗುರುತಿಸುವ ಗ್ರಿಡ್ ರೆಫರೆನ್ಸ್‌ನ ಎಂಟು ಅಂಕಿಗಳನ್ನೂ ಬರೆದುಕೊಳ್ಳಿ. ಆರು ಅಂಕಿ ತೋರಿಸುವುದು 100 ಮೀಟರ್ ಚೌಕವನ್ನು, ಎಂಟು ಅಂಕಿ 10 ಮೀಟರ್ ಚೌಕವನ್ನು. ಒಂದೇ ಬೇಲಿಯಲ್ಲಿ ಎರಡು ಗೇಟುಗಳಿದ್ದರೆ ಈ ವ್ಯತ್ಯಾಸವೇ ಮುಖ್ಯ.

ಇವುಗಳ ಜೊತೆಗೆ ದಾರಿಯ ಸಂಖ್ಯೆ, ಪ್ಯಾರಿಷ್ (ಹಳ್ಳಿ ಮಟ್ಟದ ಆಡಳಿತ ಘಟಕ) ಹೆಸರು, ದಿನಾಂಕ ಸೇರಿಸಿ ಸಾರ್ವಜನಿಕ ದಾರಿಗಳನ್ನು ನೋಡಿಕೊಳ್ಳುವ ಕೌನ್ಸಿಲ್‌ನ ರೈಟ್ಸ್ ಆಫ್ ವೇ ವಿಭಾಗಕ್ಕೆ ಬರೆಯಿರಿ. ಗೇಟುಗಳನ್ನು ಸುಸ್ಥಿತಿಯಲ್ಲಿಡುವುದು ಜಮೀನಿನ ಮಾಲೀಕರ ಕೆಲಸ. ಅಡ್ಡಿ ತೆಗೆಸುವುದು ಕೌನ್ಸಿಲ್‌ನ ಕರ್ತವ್ಯ. ಉತ್ತರ ಬರದಿದ್ದರೆ, ಇಂಗ್ಲೆಂಡಿನಲ್ಲಿ, ಹೈವೇಸ್ ಕಾಯಿದೆಯ 130ಎ ಸೆಕ್ಷನ್ ಪ್ರಕಾರ ನೋಟಿಸ್ ಕೊಡಬಹುದು. ಕೌನ್ಸಿಲ್ ಒಂದು ತಿಂಗಳೊಳಗೆ ತನ್ನ ಕ್ರಮವನ್ನು ತಿಳಿಸಬೇಕು. ಎರಡು ತಿಂಗಳಾದರೂ ಅಡ್ಡಿ ಹಾಗೇ ಇದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಬೇಲಿಯಂಥ ಕಟ್ಟಿದ ಅಡ್ಡಿಗಳಿಗೆ ಈ ದಾರಿ ಸರಿ. ಜನ ವಾಸಿಸುವ ಮನೆ ಅಡ್ಡ ಬಂದಿದ್ದರೆ ಇದು ನಡೆಯುವುದಿಲ್ಲ.

ನಕ್ಷೆಯಲ್ಲಿಲ್ಲದ ದಾರಿ

ಸವಾರರು 20 ವರ್ಷ ನಿರಂತರವಾಗಿ, ಬಲವಂತವಿಲ್ಲದೆ, ಕದ್ದುಮುಚ್ಚದೆ, ಅನುಮತಿ ಕೇಳದೆ ಬಳಸಿದ ದಾರಿಯನ್ನು ಬ್ರಿಡಲ್‌ವೇ ಎಂದು ನಕ್ಷೆಗೆ ಸೇರಿಸಲು ಅರ್ಜಿ ಹಾಕಬಹುದು. ಒಬ್ಬರೇ 20 ವರ್ಷ ಬಳಸಿರಬೇಕಿಲ್ಲ, ಹಲವರ ವರ್ಷಗಳು ಸೇರಿ ಅವಧಿ ತುಂಬಿದರೆ ಸಾಕು. ಎಣಿಕೆ ಇಂದಿನಿಂದ ಹಿಂದಕ್ಕಲ್ಲ, ಯಾರಾದರೂ ಗೇಟಿಗೆ ಬೀಗ ಹಾಕಿ ಹಕ್ಕನ್ನು ಪ್ರಶ್ನಿಸಿದ ದಿನದಿಂದ ಹಿಂದಕ್ಕೆ. ಮಾಲೀಕರ ಲಾಯದಲ್ಲಿ ಬಾಡಿಗೆಗೆ ಕುದುರೆ ಇಟ್ಟು, ಅವರ ಒಪ್ಪಿಗೆಯಿಂದಲೇ ಆ ದಾರಿಯಲ್ಲಿ ಹೋದವರ ಸಾಕ್ಷ್ಯ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟೋ ಅರ್ಜಿಗಳು ಬಡವಾಗುವುದು ಇದರಿಂದಲೇ. ನಡೆದುಹೋದವರ ಹೇಳಿಕೆಯಿಂದ ಕಾಲುದಾರಿಯಷ್ಟೇ ಸಾಬೀತಾದೀತು. ಆ ದಾರಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವ ಉದ್ದೇಶ ತನಗಿಲ್ಲವೆಂದು ಮಾಲೀಕ ಕೌನ್ಸಿಲ್‌ಗೆ ಮೊದಲೇ ಘೋಷಣೆ ಸಲ್ಲಿಸಿದ್ದಾರೆಯೇ ಎಂಬುದನ್ನೂ ಪರಿಶೀಲಿಸಿ, ಇದ್ದರೆ ಎಣಿಕೆ ಅಲ್ಲಿಗೇ ನಿಲ್ಲುತ್ತದೆ.

ಬಳಕೆಯ ಸಾಕ್ಷ್ಯ ಸಾಲದಿದ್ದರೆ ಹಳೆಯ ದಾಖಲೆಗಳಿಗೆ ಹೋಗಬೇಕು: 1836ರ ಕಾಯಿದೆಯ ನಂತರ ತಯಾರಾದ ಟೈದ್ ನಕ್ಷೆಗಳು (ಚರ್ಚಿಗೆ ಸಲ್ಲುವ ತೆರಿಗೆಗಾಗಿ ಮಾಡಿದವು), ಇನ್‌ಕ್ಲೋಜರ್ ಅವಾರ್ಡ್‌ಗಳು (ಊರ ಸಾಮೂಹಿಕ ಜಮೀನನ್ನು ಹಂಚಿ ಬೇಲಿ ಹಾಕಿದಾಗಿನ ದಾಖಲೆಗಳು), 1910ರ ಫೈನಾನ್ಸ್ ಕಾಯಿದೆಯಡಿ ಜಮೀನಿನ ಬೆಲೆ ಕಟ್ಟಿದ ಸರ್ವೆ ದಾಖಲೆಗಳು. ಮೊದಲೆರಡು ಕೌಂಟಿ ದಾಖಲೆ ಕಚೇರಿಯಲ್ಲಿ, ಕೊನೆಯದು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ನೋಡಲು ಸಿಗುತ್ತವೆ. ಅರ್ಜಿ ಇತ್ಯರ್ಥವಾಗಲು ವರ್ಷಗಳೇ ಹಿಡಿಯಬಹುದು, ಆದ್ದರಿಂದ ಸಾಕ್ಷ್ಯದ ಫಾರಂಗಳನ್ನು ಊರಿನ ಅತಿ ಹಿರಿಯ ಸವಾರರಿಂದ ಮೊದಲು ತುಂಬಿಸಿ, ಸಹಿ ಹಾಕಿಸಿ, ಒಂದೊಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ.